ಇಲಿ ಹಿಕ್ಕೆಯಲ್ಲಿ ಬಿಸಿಲಿನ ಚರಿತ್ರೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡೆತ್ ವ್ಯಾಲಿ ಹೆಸರಿಗೆ ತಕ್ಕ ಜಾಗ. ಈ ಸಾವಿನ ಕಣಿವೆಯ ತಳ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ವರ್ಷವಿಡೀ ಸುರಿಯುವ ಮಳೆ ಸುಮಾರು 5 ಸೆಂಟಿಮೀಟರ್. ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಜಗತ್ತಿನ ಅಧಿಕೃತ ದಾಖಲೆ ಇಂದಿಗೂ ಅದೇ.

ಇಂಥ ಕುಲುಮೆಯಲ್ಲೂ ಕತ್ತಲಾದೊಡನೆ ಬಂಡೆ ಸಂದಿಯಿಂದ ಇಲಿಯೊಂದು ಮೂತಿ ಚಾಚುತ್ತದೆ. ವುಡ್‌ರ್ಯಾಟ್ ಎಂಬ ಈ ಇಲಿಗೆ ಪ್ಯಾಕ್‌ರ್ಯಾಟ್, ಅಂದರೆ ಮೂಟೆ ಕಟ್ಟುವ ಇಲಿ ಎಂಬ ಅಡ್ಡಹೆಸರೂ ಇದೆ. ಕಡ್ಡಿ, ಕಳ್ಳಿಮುಳ್ಳು, ಮೂಳೆ, ಪ್ರವಾಸಿಗರು ಬಿಟ್ಟ ಚಮಚ, ಯಾವುದಾದರೂ ಸರಿ, ಗೂಡಿಗೆ ಎಳೆದು ತಂದು ರಾಶಿ ಹಾಕುತ್ತದೆ. ರಾಶಿಯ ಮೇಲೆಯೇ ಮೂತ್ರ ಮಾಡುತ್ತದೆ. ಒಣಹವೆಗೆ ಆ ಮೂತ್ರ ಹರಳುಗಟ್ಟಿ, ಕಾಕಂಬಿಯಂತೆ ಹೊಳೆಯುತ್ತ, ಕಸವನ್ನೆಲ್ಲ ಕಲ್ಲಿನಂತೆ ಬಿಗಿದಿಡುತ್ತದೆ. ಮಳೆ ತಾಗದ ಗುಹೆಯಲ್ಲಿ ಹತ್ತಾರು ಸಾವಿರ ವರ್ಷ ಅದು ಕೆಡುವುದಿಲ್ಲ. 1849ರಲ್ಲಿ ಚಿನ್ನದಾಸೆಗೆ ಹೊರಟು ಹಸಿದು ಕಂಗಾಲಾದ ಗುಂಪೊಂದು ನೆವಾಡಾದಲ್ಲಿ ಇಂಥ ಹೊಳೆಯುವ ಉಂಡೆಗಳನ್ನು ಮಿಠಾಯಿಯೆಂದು ತಿಂದಿತ್ತು. ಮೊದಲಿಗೆ ಸಿಹಿಯೆನಿಸಿತಂತೆ, ಆಮೇಲೆ ಹೊಟ್ಟೆ ತೊಳಸಿತಂತೆ!

ಆ ಮಿಠಾಯಿಯ ಬೆಲೆ ವಿಜ್ಞಾನಿಗಳಿಗೆ ತಿಳಿದದ್ದು ಬಹಳ ತಡವಾಗಿ. ಈಗ ಬೋಳಾಗಿರುವ ಮರುಭೂಮಿ ಗುಡ್ಡಗಳಲ್ಲಿ ಹಿಮಯುಗದ ಕಾಲಕ್ಕೆ ಜೂನಿಪರ್ ಮರಗಳಿದ್ದವೆಂದು, ಇಲಿ ಕೂಡಿಟ್ಟ ಕಡ್ಡಿಗಳ ಆಧಾರದಿಂದ ವೆಲ್ಸ್ ಮತ್ತು ಜಾರ್ಗನ್ಸನ್ 1964ರಲ್ಲಿ ತೋರಿಸಿದರು. ಫೆಲಿಸಾ ಸ್ಮಿತ್ ಎಂಬ ಜೀವವಿಜ್ಞಾನಿಯ ಕಣ್ಣು ಬಿದ್ದದ್ದು ಹಿಕ್ಕೆಯ ಮೇಲೆ. ಇಲಿ ದೊಡ್ಡದಾದಷ್ಟೂ ಹಿಕ್ಕೆ ದಪ್ಪ. ಹಿಕ್ಕೆಯ ಅಗಲ ಅಳೆದರೆ ಇಲಿಯ ತೂಕ ಅಂದಾಜಿಸಬಹುದು. ರೇಡಿಯೋ ಕಾರ್ಬನ್ ವಿಧಾನದಿಂದ ಅದರ ವಯಸ್ಸೂ ಸಿಗುತ್ತದೆ. 1995ರಲ್ಲಿ ಸ್ಮಿತ್ ಮತ್ತು ಸಂಗಡಿಗರು 25 ಸಾವಿರ ವರ್ಷಗಳ ಲೆಕ್ಕ ಮುಂದಿಟ್ಟರು. ಚಳಿ ಹೆಚ್ಚಿದಾಗ ಇಲಿ ದೊಡ್ಡದು, ಬಿಸಿಲು ಏರಿದಾಗ ಚಿಕ್ಕದು.

ಏಕೆ ಹೀಗೆ? ಬಿಸಿ ಮುದ್ದೆಯನ್ನು ಇಡಿಯಾಗಿಟ್ಟರೆ ಬೇಗ ಆರದು, ತುತ್ತು ಮುರಿದಿಟ್ಟರೆ ಬೇಗ ಆರುತ್ತದೆ. 1 ಸೆಂಟಿಮೀಟರ್ ಬಾಹುವಿನ ಘನಕ್ಕೆ 1 ಪಾಲು ಗಾತ್ರ, 6 ಪಾಲು ಮೇಲ್ಮೈ. ಬಾಹು 2 ಆದರೆ ಗಾತ್ರ 8, ಮೇಲ್ಮೈ 24. ಒಂದು ಪಾಲು ಗಾತ್ರಕ್ಕೆ 3 ಮಾತ್ರ. ದೊಡ್ಡ ದೇಹ ಶಾಖ ಬಿಟ್ಟುಕೊಡುವುದು ನಿಧಾನ. ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲೇ ಈ ತರ್ಕ ಮಂಡಿಸಿದ್ದ.

ಆದರೆ ಎಷ್ಟೆಂದು ಕುಗ್ಗುವುದು? ಡೆತ್ ವ್ಯಾಲಿಯ ನಿಜವಾದ ಕಥೆ ಇರುವುದು ಇಲ್ಲೇ. ಈ ಇಲಿಗೆ ಪೊದೆಬಾಲದ ದೊಡ್ಡ ಬಂಧುವೊಂದಿದೆ. ಹಿಮಯುಗದಲ್ಲಿ ಕಣಿವೆಯ ತಳದಲ್ಲಿ ಮ್ಯಾನ್ಲಿ ಎಂಬ ಸರೋವರವಿತ್ತು, ಸುತ್ತಲ ಇಳಿಜಾರುಗಳಲ್ಲೆಲ್ಲ ಆ ಪೊದೆಬಾಲದ ಇಲಿಯೇ ತುಂಬಿತ್ತು. ಹವೆ ಕಾದಂತೆ ಅದು ಕುಗ್ಗಿತು. ಅದೂ ಸಾಲದಾದಾಗ ಪೂರ್ವದ ಬೆಟ್ಟಗಳಿಂದ ಪೂರಾ ಅಳಿಸಿಹೋಯಿತು. ಅದು ತೆರವು ಮಾಡಿದ ಜಾಗಕ್ಕೆ ಮರುಭೂಮಿಯ ಚಿಕ್ಕ ಇಲಿ ಹತ್ತಿತು. ಪಶ್ಚಿಮದ ಪ್ಯಾನಮಿಂಟ್ ಸಾಲು 3,300 ಮೀಟರಿಗೂ ಎತ್ತರ. ಅಲ್ಲಿನ ತಂಪು ನೆತ್ತಿಯಲ್ಲಿ ದೊಡ್ಡ ಇಲಿ ಇನ್ನೂ ಇದೆ. ಅದಕ್ಕಿಂತ ಮೇಲೆ ಹತ್ತಲು ಬೆಟ್ಟವಿಲ್ಲ.

ಆಗಿನ ಬದಲಾವಣೆಗೆ ಸಾವಿರಾರು ವರ್ಷ ಹಿಡಿದಿತ್ತು. ನ್ಯೂ ಮೆಕ್ಸಿಕೋದ ಸೆವಿಲೆಟಾದಲ್ಲಿ 1990ರ ದಶಕದಲ್ಲಿ ಕೆಲವೇ ವರ್ಷ ಹವೆ ಬೆಚ್ಚಗಾದಾಗ ಅಲ್ಲಿನ ವುಡ್‌ರ್ಯಾಟ್‌ಗಳ ತೂಕ ಇಳಿದದ್ದು ಕಂಡುಬಂತು. ಹಾಗೆಂದು ಎಲ್ಲವೂ ಮುಗಿಯಿತೆನ್ನುವಂತಿಲ್ಲ. ಡೆತ್ ವ್ಯಾಲಿಯನ್ನೂ ಒಳಗೊಂಡ ಮೊಹಾವೆ ಮರುಭೂಮಿಯಲ್ಲಿ ಒಂದು ಶತಮಾನದಲ್ಲಿ ಹಕ್ಕಿಗಳು ಬಹಳಷ್ಟು ಕಡಿಮೆಯಾದರೂ ಪುಟ್ಟ ಸಸ್ತನಿಗಳು ಹೆಚ್ಚುಕಡಿಮೆ ಉಳಿದುಕೊಂಡಿವೆ ಎಂದು 2021ರ ಅಧ್ಯಯನ ಹೇಳಿತು. ಹಗಲೆಲ್ಲ ತಂಪು ಬಿಲದೊಳಗಿದ್ದು ರಾತ್ರಿ ಹೊರಬರುವ ಜಾಣತನ ಅವುಗಳದು.

ಡೆತ್ ವ್ಯಾಲಿ 1994ರಿಂದ ರಾಷ್ಟ್ರೀಯ ಉದ್ಯಾನ. ನೋಡಲು ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿತಕರ. ಗುಹೆಯಲ್ಲಿ ಕಾಕಂಬಿ ಬಣ್ಣದ ರಾಶಿ ಕಂಡರೆ ದೂರದಿಂದಲೇ ನೋಡಬೇಕು. ಅದರಿಂದ ಒಂದು ಕಡ್ಡಿಯನ್ನೂ ಎತ್ತಿಕೊಂಡು ಹೋಗುವಂತಿಲ್ಲ.