ಐವರು ದೊರೆಗಳ ಬಂಟ

ಮಧ್ಯಯುಗದ ಯುದ್ಧಗಳ ಪುಸ್ತಕ ಓದುತ್ತೇನೆಂದರೆ, ಕೊಲ್ಲುವುದನ್ನೂ ಸುಡುವುದನ್ನೂ ಓದಿ ಏನು ಸುಖ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ರಾತ್ರಿ ಊಟವಾದ ಮೇಲೆ ಅಂಥದೊಂದು ಪುಸ್ತಕ ಹಿಡಿದು ಕೂರುವುದು ನನ್ನ ಬಹುಕಾಲದ ಅಭ್ಯಾಸ. ಒಂದು ಬೆರಳು ನಕಾಶೆಯ ಪುಟದಲ್ಲಿ, ಇನ್ನೊಂದು ವಂಶಾವಳಿಯ ಪುಟದಲ್ಲಿ. ಇವನು ಯಾವ ಹೆನ್ರಿ, ಆ ಕೋಟೆ ನದಿಯ ಈಚೆಗೋ ಆಚೆಗೋ ಎಂದು ತಿರುವಿ ನೋಡುತ್ತ ಓದಬೇಕು. ಪಂಡಿತರು ಪಂಡಿತರಿಗಾಗಿ ಬರೆದದ್ದಕ್ಕಿಂತ, ನನ್ನಂಥ ಸಾಮಾನ್ಯ ಓದುಗರನ್ನು ನೆನೆದು ಬರೆದ ಚರಿತ್ರೆಯೇ ನನಗೆ ಪ್ರೀತಿ. ಅದು ಯುದ್ಧವನ್ನು ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತು ತೋರಿಸುತ್ತದೆ. ಹಾಗೆ ನಾನು ಮತ್ತೆ ಮತ್ತೆ ಪಕ್ಕದಲ್ಲಿ ನಿಂತವನು ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ವಿಲಿಯಂ ಮಾರ್ಷಲ್.

ಫ್ರಾನ್ಸಿನ ಇತಿಹಾಸಕಾರ ಜಾರ್ಜ್ ಡ್ಯೂಬಿ 1984ರಲ್ಲಿ ಅವನ ಮೇಲೆ ಒಂದು ಪುಟ್ಟ ಪುಸ್ತಕ ಬರೆದ. ನಮ್ಮ ಕಾಲದಲ್ಲಿ ಥಾಮಸ್ ಆಸ್‌ಬ್ರಿಜ್ ದೊಡ್ಡದೊಂದನ್ನು ಬರೆದಿದ್ದಾರೆ. ಎಲ್ಲಕ್ಕೂ ಮುಖ್ಯ ಮೂಲ ಒಂದು ಕಾವ್ಯ. ಮಾರ್ಷಲ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವನ ಹಿರಿಯ ಮಗ ಬರೆಸಿದ, ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಫ್ರೆಂಚ್ ಕಾವ್ಯ. ಅದರ ಕೈಬರಹದ ಪ್ರತಿ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಇತ್ತು. 1861ರಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಪೌಲ್ ಮೆಯೆರ್ ಎಂಬ ತರುಣ ವಿದ್ವಾಂಸ ಅದನ್ನು ಕ್ಷಣಕಾಲ ನೋಡಿದ. ಬೇರೆಯವರು ಕೊಂಡುಹೋದರು. ಅವನು ಸುಮಾರು ಇಪ್ಪತ್ತು ವರ್ಷ ಅದರ ಬೆನ್ನು ಬಿಡದೆ ಕೊನೆಗೂ ಪತ್ತೆಹಚ್ಚಿ, 1891ರಿಂದ 1901ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದ. ಆ ಹಟವಿಲ್ಲದಿದ್ದರೆ ಈ ಮನುಷ್ಯನನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ನಮಗಿರುತ್ತಿರಲಿಲ್ಲ.

ಕಥೆ ಶುರುವಾಗುವುದೇ ಮಗುವಿನ ಕೊರಳಿನ ಹತ್ತಿರ ಬಂದ ಹಗ್ಗದಿಂದ. 1152ರಲ್ಲಿ ದೊರೆ ಸ್ಟೀಫನ್ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದ್ದ. ಮಾರ್ಷಲ್‌ನ ತಂದೆ ಜಾನ್ ಐದಾರು ವರ್ಷದ ತನ್ನ ಮಗನನ್ನು ಒತ್ತೆಯಿಟ್ಟು, ಕೊಟ್ಟ ಮಾತಿಗೆ ತಪ್ಪಿದ. ಹುಡುಗನನ್ನು ನೇಣಿಗೆ ಹಾಕುತ್ತೇವೆಂದು ಹೇಳಿಕಳಿಸಿದರೆ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಹುಟ್ಟಿಸುವ ಸುತ್ತಿಗೆ, ಅಡಿಗಲ್ಲು ಎರಡೂ ತನ್ನ ಬಳಿ ಇವೆ ಎಂದನಂತೆ ಆ ತಂದೆ. ಗಲ್ಲಿಗೆ ಹೋಗುವ ದಾರಿಯಲ್ಲಿ ಹುಡುಗ ಒಬ್ಬ ಸರದಾರನ ಕೈಯಲ್ಲಿದ್ದ ಭರ್ಜಿ ನೋಡಿ, ಆಡಲು ಕೊಡು ಎಂದು ಕೈಚಾಚಿದ. ದೊರೆಯ ಮನಸ್ಸು ಕರಗಿತು. ಹುಡುಗನನ್ನು ಎತ್ತಿಕೊಂಡು ಬಿಡಾರಕ್ಕೆ ಮರಳಿದ. ಮುಂದೊಂದು ದಿನ ಇಬ್ಬರೂ ಡೇರೆಯಲ್ಲಿ ಕೂತು ಗಿಡದ ಕಡ್ಡಿಗಳಿಂದ ಯುದ್ಧದಾಟ ಆಡುತ್ತಿದ್ದರೆಂದು ಕಾವ್ಯ ಹೇಳುತ್ತದೆ. ಹೆತ್ತವನು ಬಿಟ್ಟುಕೊಟ್ಟ ಮಗುವನ್ನು ಶತ್ರು ಉಳಿಸಿದ. ಈ ಪುಟ ಬಂದಾಗಲೆಲ್ಲ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಇಂಥ ಪುಸ್ತಕಗಳು ನನಗೆ ಕಲಿಸಿದ್ದು, ವೀರತನಕ್ಕೂ ಖರ್ಚು ಇರುತ್ತದೆಂಬುದನ್ನು. ಮಾರ್ಷಲ್ ಮೊದಲ ಕಾಳಗದಲ್ಲಿ ಮೈಮರೆತು ಹೋರಾಡಿದ. ಕುದುರೆ ಸತ್ತಿತು. ಯಾರನ್ನೂ ಸೆರೆಹಿಡಿದು ಹಣ ಕೇಳಬೇಕೆಂಬುದು ಹೊಳೆಯಲೇ ಇಲ್ಲ. ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹಿರಿಯ ಸರದಾರನೊಬ್ಬ, ಇಂದು ಗೆದ್ದ ಸಾಮಾನಿನಲ್ಲಿ ನನಗೊಂದು ಹಳೆಯ ಕುದುರೆ ಪಟ್ಟಿಯಾದರೂ ಕೊಡು ಎಂದು ಎಲ್ಲರೆದುರು ಕೇಳಿದ. ಕೊಡಲು ಏನೂ ಇರಲಿಲ್ಲ. ನೈಟ್ ಆದಾಗ ಹೊದೆಸಿದ್ದ ಮೇಲಂಗಿಯನ್ನೇ ಇಪ್ಪತ್ತೆರಡು ಶಿಲಿಂಗಿಗೆ ಮಾರಿ, ಸಾಮಾನು ಹೊರುವ ಸಾಧಾರಣ ಕುದುರೆಯೊಂದನ್ನು ಕೊಂಡ. ಆ ಪಾಠವನ್ನು ಅವನು ಮರೆಯಲಿಲ್ಲ. ಮುಂದೆ ಫ್ರಾನ್ಸಿನ ಟೂರ್ನಮೆಂಟ್‌ಗಳಲ್ಲಿ ಅವನು ಜತೆಗಾರನೊಬ್ಬನೊಡನೆ ಪಾಲುದಾರಿಕೆ ಮಾಡಿಕೊಂಡು, ಒಂದು ವರ್ಷವೂ ತುಂಬದ ಅವಧಿಯಲ್ಲಿ 103 ನೈಟ್‌ಗಳನ್ನು ಸೆರೆಹಿಡಿದ. ಗುಮಾಸ್ತನೊಬ್ಬ ಆ ಲೆಕ್ಕ ಬರೆದಿಟ್ಟಿದ್ದ. ಆಗಿನ ಟೂರ್ನಮೆಂಟ್ ಎಂದರೆ ಎರಡು ದಂಡುಗಳು ಮೈಲುಗಟ್ಟಲೆ ಹೊಲಗದ್ದೆಗಳ ಮೇಲೆ ಹಾಯ್ದು ಕಾದಾಡುವ ಅಣಕು ಯುದ್ಧ. ಪ್ಲ್ಯೂರ್ ಎಂಬಲ್ಲಿ ಅಂಥದೊಂದು ಮುಗಿದ ಮೇಲೆ ಅವನಿಗೆ ಬಹುಮಾನ ಕೊಡಲು ಹುಡುಕಿ ಹೋದವರಿಗೆ ಅವನು ಸಿಕ್ಕಿದ್ದು ಕಮ್ಮಾರಸಾಲೆಯಲ್ಲಿ, ಅಡಿಗಲ್ಲಿನ ಮೇಲೆ ತಲೆಯಿಟ್ಟು. ಏಟು ತಿಂದು ತಿಂದು ನುಗ್ಗಾಗಿದ್ದ ಶಿರಸ್ತ್ರಾಣ ಕಳಚದೆ, ಕಮ್ಮಾರ ಬಡಿದು ಬಡಿದು ಬಿಡಿಸುತ್ತಿದ್ದ. ಬಹುಮಾನ ಒಂದು ದೊಡ್ಡ ಮೀನು.

ಇಲ್ಲಿಯವರೆಗೆ ಓದಿದವರಿಗೆ ಮಾರ್ಷಲ್‌ನ ಮೇಲೆ ಅಭಿಮಾನ ಹುಟ್ಟುತ್ತದೆ. ನನಗೂ ಹುಟ್ಟಿತು, ಇಂದಿಗೂ ಇದೆ. 1189ರಲ್ಲಿ ಎಲ್ಲರೂ ಕೈಬಿಡುತ್ತಿದ್ದ ಮುದಿ ದೊರೆ ಎರಡನೆಯ ಹೆನ್ರಿಯ ಬೆನ್ನಿಗೆ ಅವನು ನಿಂತ. ಅಟ್ಟಿಸಿಕೊಂಡು ಬಂದ ಯುವರಾಜ ರಿಚರ್ಡ್‌ನನ್ನು ಕೊಲ್ಲುವ ಅವಕಾಶವಿದ್ದರೂ ಅವನ ಕುದುರೆಯನ್ನಷ್ಟೇ ಕೊಂದು ತಡೆದ. ಕೆಲವೇ ವಾರಗಳಲ್ಲಿ ಅದೇ ರಿಚರ್ಡ್ ದೊರೆಯಾದ. ಸೇಡು ತೀರಿಸಿಕೊಳ್ಳದೆ ಮಾರ್ಷಲ್‌ನನ್ನು ತನ್ನ ಬಳಿಯೇ ಇಟ್ಟುಕೊಂಡ. ನಿಷ್ಠೆಗೆ ಅಷ್ಟು ಬೆಲೆ.

ಆದರೆ ಅದರ ಹಿಂದಿನ ವರ್ಷ ಅದೇ ಹೆನ್ರಿಗೆ ಅದೇ ಮಾರ್ಷಲ್ ಕೊಟ್ಟ ಒಂದು ಸಲಹೆಯೂ ಕಾವ್ಯದಲ್ಲಿದೆ. ಸೈನ್ಯ ಚದುರಿಸಿದಂತೆ ತೋರಿಸಿ, ಗುಟ್ಟಾಗಿ ಮತ್ತೆ ಕೂಡಿಸಿ, ಫ್ರಾನ್ಸಿನ ದೊರೆಯ ಸೀಮೆಗೆ ನುಗ್ಗಿ ಸುಟ್ಟು ಸೂರೆ ಮಾಡಬೇಕು. ಹೆನ್ರಿ ಮೆಚ್ಚಿ ಹೊಗಳಿದ. ಆ ಕಾಲದ ಸೇನಾಪತಿಗಳು ಬಯಲಿನಲ್ಲಿ ಎದುರಾಬದುರಾ ನಿಂತು ಕಾದುವುದನ್ನು ಆದಷ್ಟು ತಪ್ಪಿಸುತ್ತಿದ್ದರು. ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಹೋಗಬಹುದಿತ್ತು. ಕೋಟೆ ಹಿಡಿಯಬೇಕಾದರೆ ಅದಕ್ಕೆ ಅನ್ನ ಕೊಡುವ ಹಳ್ಳಿಯನ್ನು ಸುಡುವುದು, ಶತ್ರುವಿನ ಬೊಕ್ಕಸ ಬರಿದು ಮಾಡಬೇಕಾದರೆ ತೆರಿಗೆ ಕೊಡುವ ರೈತನ ದನ ಹೊಡೆದುಕೊಂಡು ಹೋಗುವುದು, ಇದೇ ನಿತ್ಯದ ಯುದ್ಧ. ಸೆರೆಸಿಕ್ಕ ನೈಟ್‌ನ ಜೀವಕ್ಕೆ ಹಣದ ಬೆಲೆಯಿತ್ತು, ಆದ್ದರಿಂದ ಅವನು ಉಳಿಯುತ್ತಿದ್ದ. ರೈತನಿಗೆ ಆ ರಕ್ಷಣೆ ಇರಲಿಲ್ಲ. ಕಾವ್ಯ ಬರೆಸಿದವರಿಗೆ ಈ ಸಲಹೆ ಮುಚ್ಚಿಡಬೇಕಾದ ಸಂಗತಿಯಾಗಿ ಕಾಣಲಿಲ್ಲವೆಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಸ್ವಾಮಿನಿಷ್ಠೆಯೂ ಊರು ಸುಡುವ ಜಾಣ್ಮೆಯೂ ಅವರ ಕಣ್ಣಿಗೆ ಒಬ್ಬನೇ ವೀರನ ಗುಣಗಳು.

1217ರ ಮೇ 20ರ ಲಿಂಕನ್ ಕಾಳಗದಲ್ಲಿ ಇದು ಇನ್ನೂ ನಿಚ್ಚಳವಾಗುತ್ತದೆ. ಆಗ ಮಾರ್ಷಲ್‌ಗೆ ಸುಮಾರು ಎಪ್ಪತ್ತು ವರ್ಷ. ಬಾಲಕ ದೊರೆ ಮೂರನೆಯ ಹೆನ್ರಿಯ ಪರವಾಗಿ ರಾಜ್ಯವಾಳುತ್ತಿದ್ದವನು, ನಗರಕ್ಕೆ ನುಗ್ಗುವ ಆತುರದಲ್ಲಿ ಶಿರಸ್ತ್ರಾಣವನ್ನೇ ಮರೆತು ಹೊರಟಿದ್ದ. ಹುಡುಗನೊಬ್ಬ ನೆನಪಿಸಬೇಕಾಯಿತು. ಎದುರಾಳಿಗಳ ನಾಯಕ, ಮಾರ್ಷಲ್‌ನ ನೆಂಟನೇ ಆದ ಪರ್ಶ್‌ನ ಕೌಂಟ್, ಕಣ್ಣಿನ ಸಂದಿಯಲ್ಲಿ ಆಯುಧ ನಾಟಿ ಸತ್ತ. ಇಂಗ್ಲೆಂಡಿನ ಸಿಂಹಾಸನ ಉಳಿಯಿತು. ಕಾವ್ಯಕ್ಕೆ ಅದು ಸಂಭ್ರಮದ ದಿನ. ಅದೇ ದಿನದ ಬಗ್ಗೆ ರೋಜರ್ ಆಫ್ ವೆಂಡೋವರ್ ಎಂಬ ಸಂನ್ಯಾಸಿ ಬರೆದ ವೃತ್ತಾಂತವೂ ಉಳಿದಿದೆ. ಗೆದ್ದವರು ಊರನ್ನೂ ಚರ್ಚುಗಳನ್ನೂ ದೋಚಿದರು. ಮಾನ ಉಳಿಸಿಕೊಳ್ಳಲು ಹೆಂಗಸರು ಮಕ್ಕಳನ್ನೂ ಮನೆಯ ಒಡವೆಗಳನ್ನೂ ಎತ್ತಿಕೊಂಡು ಸಣ್ಣ ದೋಣಿಗಳನ್ನು ಹತ್ತಿದರು. ಹುಟ್ಟುಹಾಕಿ ಗೊತ್ತಿಲ್ಲದ ಕೈಗಳು, ಹೊರಲಾರದಷ್ಟು ಭಾರ. ದೋಣಿಗಳು ಮಗುಚಿದವು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಒಂದು ಚರಿತ್ರೆ ಪುಸ್ತಕ ಕೈಗೆ ಬಂದರೆ ಈಗ ನಾನು ನೋಡುವುದು ಇದನ್ನು: ಲೇಖಕ ಕೋಟೆಯ ಬಾಗಿಲಲ್ಲೇ ನಿಲ್ಲುತ್ತಾನೋ, ನದಿಯವರೆಗೂ ಹೋಗುತ್ತಾನೋ? ವೀರನನ್ನು ಹತ್ತಿರದಿಂದ ತೋರಿಸುವ ಕಲೆ ಸಣ್ಣದಲ್ಲ. ಅದಿಲ್ಲದಿದ್ದರೆ ಆ ಕಾಲ ಬರೀ ಇಸವಿಗಳ ಪಟ್ಟಿಯಾಗಿ ಉಳಿಯುತ್ತದೆ. ಆದರೆ ಹತ್ತಿರ ಕರೆದೊಯ್ದ ಮೇಲೆ ಅವನ ಲೆಕ್ಕವನ್ನೂ ಕೇಳಬೇಕು. ಸಾಯುವ ಹೊತ್ತಿನಲ್ಲಿ ಮಾರ್ಷಲ್‌ನ ಮುಂದೆಯೇ ಆ ಲೆಕ್ಕದ ಮಾತು ಬಂತು. ಸೆರೆಹಿಡಿದವರಿಂದ ಪಡೆದದ್ದನ್ನೆಲ್ಲ ಹಿಂದಿರುಗಿಸದೆ ಮುಕ್ತಿಯಿಲ್ಲವೆಂಬುದು ಧರ್ಮಗುರುಗಳ ವಾದ. ಐನೂರು ನೈಟ್‌ಗಳನ್ನು ಸೆರೆಹಿಡಿದಿದ್ದೇನೆ, ಅದನ್ನೆಲ್ಲ ಮರಳಿಸುವುದು ಆಗದ ಮಾತು ಎಂದ ಅವನು. ಅವನಿಗೆ ಆ ಐನೂರು ಜನರ ಎಣಿಕೆ ನೆನಪಿತ್ತು. ಸುಟ್ಟ ಮನೆಗಳ ಎಣಿಕೆಯನ್ನು ಅವನಿಗಾಗಿ ಯಾವ ಗುಮಾಸ್ತನೂ ಬರೆದಿಡಲಿಲ್ಲ.

ಏನು ಸುಖ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನಾವು ಮೆಚ್ಚುವ ಮನುಷ್ಯರೂ ಊರು ಸುಡಬಲ್ಲರು, ಸುಟ್ಟ ಮೇಲೂ ಮೆಚ್ಚಿಗೆಗೆ ಪಾತ್ರರಾಗಿಯೇ ಸಾಯಬಲ್ಲರು. ಇದು ತಿಳಿದವರು ತಮ್ಮ ಕಾಲದ ವೀರರನ್ನು ಹೊಗಳುವ ಮೊದಲು, ಅವರು ಹಾದುಹೋದ ದಾರಿಯಲ್ಲಿದ್ದ ಊರುಗಳ ಗತಿ ಏನಾಯಿತೆಂದು ವಿಚಾರಿಸುತ್ತಾರೆ. ನನಗೆ ಆ ವಿಚಾರಣೆಯನ್ನು ಕಲಿಸಿದ್ದು ಈ ಪುಸ್ತಕಗಳು.