ಹಿಮಾಂಶುವಿನ ಒಡಲ ಬಿಸಿ

ಚಂದ್ರನಿಗೆ ಅಮರಕೋಶವು ಹೇಳುವ ಹೆಸರುಗಳಲ್ಲಿ ಮೊದಲನೆಯದೇ ಹಿಮಾಂಶು. ತಣ್ಣನೆಯ ಕಿರಣವುಳ್ಳವನೆಂದು ಅದರ ಅರ್ಥ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲೆಗಳಲ್ಲಿ ಮೂವತ್ತು ವರ್ಷ ಈ ಶಬ್ದಕ್ಕೆ ಅರ್ಥ ಹೇಳಿಕೊಂಡು ಬಂದವನು ನಾನು. ಚಂದ್ರನೆಂದರೆ ತಂಪು ಎಂಬುದು ನನ್ನ ಮನಸ್ಸಿನಲ್ಲಿ ಅದೆಷ್ಟು ಗಟ್ಟಿಯಾಗಿ ಕುಳಿತಿದ್ದಿತೆಂದರೆ, ಅದರಿಂದ ಒಂದು ಮಗುವಿಗೆ ಅನ್ಯಾಯವನ್ನೇ ಮಾಡಿದೆನು.

1994ನೆಯ ಇಸವಿ, ಆಗ ಮುಳಬಾಗಿಲಿನಲ್ಲಿದ್ದೆ. ವಿಜ್ಞಾನದ ಮೇಷ್ಟರು ರಜೆಯಲ್ಲಿದ್ದುದರಿಂದ ಎಂಟನೆಯ ತರಗತಿಯ ಪಾಠ ನನ್ನ ಪಾಲಿಗೆ ಬಂದಿತು. ಗುರು, ಶನಿಗಳ ಚಂದ್ರರು ಸೂರ್ಯನಿಂದ ಬಹು ದೂರವಾದುದರಿಂದ ಹೊರಗೂ ಒಳಗೂ ಹೆಪ್ಪುಗಟ್ಟಿದ ಗಡ್ಡೆಗಳೆಂದು ಧೈರ್ಯವಾಗಿ ಹೇಳಿದೆನು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಅವಳ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಇವಳು ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. “ಸಾರ್, ಗಣಿಯಲ್ಲಿ ಕೆಳಕ್ಕೆ ಇಳಿದಷ್ಟೂ ಬಿಸಿ ಹೆಚ್ಚಂತೆ. ಅಲ್ಲಿಗೆ ಬಿಸಿಲು ಹೋಗುವುದಿಲ್ಲವಲ್ಲ. ಹಾಗೆಯೇ ಆ ಚಂದ್ರರ ಒಳಗೂ ಬಿಸಿ ಇರಬಹುದಲ್ಲವೆ?” ಎಂದು ಕೇಳಿದಳು. ನನಗೆ ಉತ್ತರ ತಿಳಿಯದು. “ಅಧಿಕಪ್ರಸಂಗ ಸಾಕು, ಕೂತುಕೋ” ಎಂದೆ. ತರಗತಿ ನಕ್ಕಿತು. ಆ ವರ್ಷವೆಲ್ಲ ಅವಳು ಮತ್ತೆ ಪ್ರಶ್ನೆ ಕೇಳಲು ಏಳಲಿಲ್ಲ.

ಅವಳ ಮಾತು ಸರಿಯಾಗಿದ್ದಿತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರುಗಳಿಗೂ ಮೀರಿದುದು; ತಳದ ಬಂಡೆ 60 ಡಿಗ್ರಿಗೂ ಮೇಲೆ ಕಾದಿರುತ್ತಿದ್ದುದರಿಂದ ಗಾಳಿಯನ್ನು ಯಂತ್ರದಿಂದ ತಣಿಸಿ ಕೆಳಕ್ಕೆ ಕಳುಹಿಸಬೇಕಾಗಿದ್ದಿತು. ಭೂಮಿ ಹುಟ್ಟಿದಾಗಿನ ಕಾವು ಇನ್ನೂ ಉಳಿದಿದೆ. ಶಿಲೆಯೊಳಗಿನ ಯುರೇನಿಯಂ, ಥೋರಿಯಂ ಮೊದಲಾದುವು ಕ್ಷಯಿಸುತ್ತ ಹೊಸ ಕಾವನ್ನೂ ಕೊಡುತ್ತಿವೆ. ಆದರೆ ಲೋಟದ ಹಾಲು ಹಂಡೆಯ ಹಾಲಿಗಿಂತ ಬೇಗ ಆರುವುದಷ್ಟೆ. ಹಾಗೆಯೇ ಸಣ್ಣ ಚಂದ್ರರಲ್ಲಿ ಇಂಥ ಕಾವು ಬಹುಮಟ್ಟಿಗೆ ಎಂದೋ ಆರಿಹೋಗಬೇಕು. ಅಲ್ಲಿಯ ಬಿಸಿಗೆ ಬೇರೆ ಮೂಲ ಬೇಕು. ಆ ಮೂಲವೇ ಉಬ್ಬರ.

ನಮ್ಮ ಸೀಮೆಗೆ ಸಮುದ್ರವಿಲ್ಲ. ಚಂದ್ರೋದಯಕ್ಕೆ ಕಡಲು ಉಕ್ಕುವುದನ್ನು ನಾನು ಕಾವ್ಯಗಳಲ್ಲಿ ಓದಿದುದೇ ಹೆಚ್ಚು. ಚಂದ್ರನ ಸೆಳೆತ ಭೂಮಿಯ ಹತ್ತಿರದ ಮಗ್ಗುಲಿಗೆ ಹೆಚ್ಚು, ದೂರದ ಮಗ್ಗುಲಿಗೆ ಕಡಿಮೆ. ಈ ಅಂತರದಿಂದ ನೀರು ಉಬ್ಬುವುದು. ಗುರುಗ್ರಹವು ತನ್ನ ಸಮೀಪದ ಚಂದ್ರರನ್ನು ಇದಕ್ಕಿಂತ ಎಷ್ಟೋ ಪಾಲು ಬಲವಾಗಿ ಎಳೆಯುವುದರಿಂದ ಅಲ್ಲಿ ಕಲ್ಲೇ ಉಬ್ಬುವುದು.

ಆ ಚಂದ್ರರು ಗುರುವಿಗೆ ಸದಾ ಒಂದೇ ಮುಖವನ್ನು ತೋರುತ್ತಾರೆ. ಅವರ ದಾರಿ ಪೂರ್ತಿ ದುಂಡಗಿದ್ದರೆ ಉಬ್ಬು ನಿಂತಲ್ಲೇ ನಿಲ್ಲುವುದು, ಕಾವು ಹುಟ್ಟದು. ದಾರಿ ಕೊಂಚ ಅಂಡಾಕಾರವಾದುದರಿಂದ, ನಮ್ಮ ಜ್ಯೋತಿಷಿಗಳು ಉಚ್ಚ, ನೀಚ ಎನ್ನುವಂತೆ, ಒಮ್ಮೆ ದೂರ ಹೋಗಿ ಒಮ್ಮೆ ಹತ್ತಿರ ಬರುತ್ತಾರೆ. ಹತ್ತಿರ ಬಂದಾಗ ಒಡಲು ಹಿಗ್ಗುವುದು, ದೂರ ಹೋದಾಗ ಕುಗ್ಗುವುದು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಮಡಿಕೆಯ ಬಳಿ ಬೆರಳಿಗೆ ಬಿಸಿ ತಾಕುವುದನ್ನು ಓದುಗರು ಬಲ್ಲರು, ಇದೂ ಅದೇ. ಕಾಲಕ್ರಮದಲ್ಲಿ ಈ ದಾರಿಯೂ ದುಂಡಗಾಗಬೇಕಾಗಿದ್ದಿತು. ಆದರೆ ಗ್ಯಾನಿಮೀಡ್ ಒಂದು ಸುತ್ತು ಬರುವಷ್ಟರಲ್ಲಿ ಯೂರೋಪಾ ಎರಡು, ಅಯೋ ನಾಲ್ಕು ಸುತ್ತು ಬರುತ್ತವೆ. ಉಯ್ಯಾಲೆಯನ್ನು ಹದವರಿತು ನೂಕಿದಂತೆ ಇವು ಒಂದನ್ನೊಂದು ನೂಕುತ್ತ ದಾರಿಯನ್ನು ದುಂಡಗಾಗಲು ಬಿಡವು.

ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ಮೂವರು ವಿದ್ವಾಂಸರು ಈ ಲೆಕ್ಕವನ್ನು ಮಾಡಿ, ಅಯೋವಿನ ಒಳಭಾಗ ಕರಗಿರಬೇಕೆಂದು 1979ರ ಮಾರ್ಚಿಯಲ್ಲಿ ಪ್ರಕಟಿಸಿದರು. ಅದೇ ತಿಂಗಳು ವಾಯೇಜರ್ ನೌಕೆಯ ಚಿತ್ರದಲ್ಲಿ ಅಲ್ಲಿಯ ಜ್ವಾಲಾಮುಖಿ ಕಾಣಿಸಿತು! ಯೂರೋಪಾದ ಮಂಜುಗಡ್ಡೆಯ ಕೆಳಗೆ ಸಮುದ್ರವಿದೆಯೆಂಬುದಕ್ಕೆ ಬಲವಾದ ಆಧಾರಗಳಿವೆ. ಶನಿಯ ಚಂದ್ರನಾದ ಎನ್ಸೆಲಾಡಸ್ ಅಡ್ಡಳತೆಯಲ್ಲಿ ಸುಮಾರು 500 ಕಿಲೋಮೀಟರು ಮಾತ್ರ. ಮೇಲ್ಮೈ ಸೊನ್ನೆಗಿಂತ ಸುಮಾರು 200 ಡಿಗ್ರಿ ಕೆಳಗೆ. ಆದರೂ 2005ರಲ್ಲಿ ಕ್ಯಾಸಿನಿ ನೌಕೆಯು ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿಯೂ ಹಿಮಕಣಗಳೂ ಚಿಮ್ಮುವುದನ್ನು ಕಂಡಿತು.

ಆ ಹುಡುಗಿ ಹುಟ್ಟುವ ಮೊದಲೇ ಅಚ್ಚಾಗಿದ್ದ ಉತ್ತರವನ್ನು ನಾನು ಓದಿದುದು ನಿವೃತ್ತಿಗೆ ಎರಡು ವರ್ಷ ಮುಂಚೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅಲ್ಲಿಯ ಎಷ್ಟೋ ಸಂಸಾರಗಳು ಊರೂರು ಸೇರಿದುವು. ಅವಳಿಗೆ ಈಗ ನಾಲ್ವತ್ತು ದಾಟಿರಬೇಕು. ಮುಳಬಾಗಿಲಿನಲ್ಲಿ ಆ ವರ್ಷ ಎಂಟನೆಯ ತರಗತಿ ಓದಿದವರು ಯಾರಾದರೂ ಇದನ್ನು ಓದಿದರೆ, ಮೇಷ್ಟರು ಉತ್ತರ ಬರೆದಿದ್ದಾರೆಂದು ಅವಳಿಗೆ ತಿಳಿಸಿದಲ್ಲಿ ಉಪಕಾರವಾದೀತು.