ಅಕ್ಕನ ಕೊರಳು

ಕೊರಳು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥ. ಸರ ಹಾಕಿಕೊಳ್ಳುವುದು ಕೊರಳಿಗೆ. ಇಂಪಾಗಿ ಹಾಡಿದರೆ ಅದೂ ಒಳ್ಳೆಯ ಕೊರಳೇ. ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಎರಡು ಅರ್ಥಗಳಿಗೂ ಜಗಳ ಹತ್ತಿತು. ಅದರ ಕಥೆಯನ್ನು ಹೇಳುತ್ತೇನೆ. ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯದ ಮಾತಿನಲ್ಲಿ ತಪ್ಪಿದರೆ ಬಲ್ಲವರು ಮನ್ನಿಸಬೇಕು.

ನನ್ನ ಅಕ್ಕ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಒಂದು ದಿನ ಅವಳು ನೀರು ಕುಡಿಯುತ್ತಿದ್ದಾಗ ಕತ್ತಿನ ಬಲಗಡೆ ನೆಲ್ಲಿಕಾಯಿ ಗಾತ್ರದ ಗಂಟೊಂದು ಗುಟುಕಿನೊಡನೆ ಮೇಲೇರಿ ಇಳಿದುದನ್ನು ಅಮ್ಮ ಕಂಡರು. ಥೈರಾಯ್ಡ್ ಗ್ರಂಥಿಯ ಗಂಟೆಂದು ವೈದ್ಯರು ಹೇಳಿದರು. ಸೂಜಿಯಿಂದ ತೆಗೆದ ಕಣಗಳನ್ನು ಪರೀಕ್ಷಿಸಿದರೂ ಅದು ಸಾಧುವೋ ದುಷ್ಟವೋ ತಿಳಿಯಲಿಲ್ಲ. ಗ್ರಂಥಿಯ ಬಲ ಅರ್ಧವನ್ನು ತೆಗೆದೇ ನೋಡಬೇಕೆಂದಾಯಿತು.

ಸುದ್ದಿ ತಿಳಿದು ಸೋದರತ್ತೆ ಬಂದರು. "ಈಗ ಬಾಯೊಳಗಿಂದಲೇ ತೆಗೆಯುತ್ತಾರಂತೆ ಕಣೆ. ಹೊರಗೆ ಒಂದು ಗೆರೆಯೂ ಕಾಣುವುದಿಲ್ಲವಂತೆ. ನಾಳೆ ನಿನ್ನನ್ನು ನೋಡಲು ಬಂದವರು ಕತ್ತಿನ ಕಲೆ ಕಂಡರೆ ಏನೆಂದಾರು?" ಎಂದರು. ನಾನೂ ಅತ್ತೆಯ ಪಕ್ಷ ವಹಿಸಿದೆನೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಹೊಸದೆಲ್ಲ ಹಳೆಯದಕ್ಕಿಂತ ಮೇಲೆಂಬುದು ನನ್ನ ನಂಬಿಕೆಯಾಗಿತ್ತು.

ಅತ್ತೆಯ ಮಾತಿಗೆ ಬಲ ಕೊಡಲೆಂದು ಈ ಚಿಕಿತ್ಸೆಯ ಚರಿತ್ರೆಯನ್ನು ಕೆದಕಿದೆ. ಒಂದು ಕಾಲದಲ್ಲಿ ಈ ಗ್ರಂಥಿಗೆ ಕತ್ತಿ ಹಾಕುವುದೆಂದರೆ ಮೃತ್ಯುವನ್ನು ಕರೆದಂತೆ; ನೆತ್ತರು ನಿಲ್ಲುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಖರ್ ರಕ್ತನಾಳಗಳನ್ನು ತಾಳ್ಮೆಯಿಂದ ಕಟ್ಟಿ ಕಟ್ಟಿ, ಸಾವನ್ನು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿದರು. 1909ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಗ್ರಂಥಿಯನ್ನು ಪೂರ್ತಿ ತೆಗೆದರೆ ರೋಗಿಗಳು ಜಡರಾಗುತ್ತಾರೆಂದು 1883ರಲ್ಲಿ ಸಾರಿದವರೂ ಅವರೇ. ತನ್ನ ಕೈಯ ಕೆಲಸದಿಂದಾದ ಕೇಡನ್ನು ತಾನೇ ಹೇಳುವ ಧೈರ್ಯ ಎಷ್ಟು ಮಂದಿಗಿದ್ದೀತು!

ಸಾವಿನ ಭಯ ಕಳೆದ ಮೇಲೆ ಕಲೆಯ ಚಿಂತೆ ಬಂದಿತು. 1990ರ ದಶಕದ ಕೊನೆಯಲ್ಲಿ ಇಟಲಿಯ ಪೀಸಾದಲ್ಲಿ ಪಾವೊಲೊ ಮಿಕ್ಕೋಲಿಯವರು ಸುಮಾರು ಎರಡು ಸೆಂಟಿಮೀಟರ್ ಸೀಳಿನಲ್ಲಿ ದರ್ಶಕ ನಳಿಗೆಯನ್ನಿಟ್ಟು ಗ್ರಂಥಿಯನ್ನು ತೆಗೆದರು. ಕೊರಿಯಾದ ವೈದ್ಯರು ಯಂತ್ರದ ಕೈಗಳಿಂದ ಕಂಕುಳಿನ ದಾರಿ ಹಿಡಿದರು. 2016ರಲ್ಲಿ ಥೈಲೆಂಡಿನ ಅಂಗೂನ್ ಅನುವೊಂಗ್ ಅವರು ಕೆಳದುಟಿಯ ಒಳಗೆ ಮೂರು ರಂಧ್ರಗಳನ್ನು ಮಾಡಿ 60 ಮಂದಿಗೆ ನಡೆಸಿದ ಚಿಕಿತ್ಸೆಯನ್ನು ಪ್ರಕಟಿಸಿದರು. ಅತ್ತೆ ಕೇಳಿದ್ದು ಇದನ್ನೇ.

ಇಷ್ಟೆಲ್ಲ ಓದಿಕೊಂಡು, ಅಕ್ಕನೊಡನೆ ನಾನೂ ಶಸ್ತ್ರವೈದ್ಯರ ಬಳಿಗೆ ಹೋದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ. "ಡಾಕ್ಟ್ರೇ, ದಾರಿ ಬೇರೆಯಾದರೆ ಒಳಗಿನ ಕೆಲಸವೂ ಬೇರೆಯೇ?"

"ಇಲ್ಲಮ್ಮ, ಬಾಗಿಲು ಮಾತ್ರ ಬೇರೆ," ಎಂದು ಅವರು ಕಾಗದದ ಮೇಲೆ ಚಿತ್ರ ಬರೆದರು. ಧ್ವನಿಯನ್ನು ಆಳುವ ನರ ಎದೆಯತ್ತ ಇಳಿದು, ದೊಡ್ಡ ರಕ್ತನಾಳವನ್ನು ಬಳಸಿ, ಮತ್ತೆ ಮೇಲೇರಿ ಗ್ರಂಥಿಯ ಬೆನ್ನಿಗಂಟಿಕೊಂಡೇ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಯಾವ ದಾರಿಯಲ್ಲಿ ಹೋದರೂ ಅದನ್ನು ಕಾಯಲೇಬೇಕು. ನೆತ್ತರಿನ ಸುಣ್ಣದಂಶವನ್ನು ಸರಿತೂಗಿಸುವ ನಾಲ್ಕು ಪುಟ್ಟ ಗ್ರಂಥಿಗಳೂ ಅಲ್ಲಿಯೇ ಇವೆ. ಬಾಯಿಯ ದಾರಿಯಲ್ಲಿ ಇವುಗಳ ಜೊತೆಗೆ ಬೇರೆ ತೊಡಕುಗಳೂ ಉಂಟು: ಗದ್ದ ಜೋಮು ಹಿಡಿಯಬಹುದು, ಬಾಯಿಯ ಸೋಂಕು ಕತ್ತಿಗಿಳಿಯಬಹುದು, ಜಾಗ ಮಾಡಲು ತುಂಬುವ ಇಂಗಾಲಾಮ್ಲ ಅನಿಲ ತೀರ ಅಪರೂಪಕ್ಕೆ ರಕ್ತನಾಳವನ್ನು ಹೊಕ್ಕು ಪ್ರಾಣಕ್ಕೇ ಎರವಾಗಬಹುದು. ಹೊರಗಿನ ಗಾಯ ಚಿಕ್ಕದು ನಿಜ. ಆದರೆ ಚರ್ಮದಡಿ ಬಿಡಿಸಿಕೊಂಡು ಹೋಗಬೇಕಾದ ದಾರಿ ಉದ್ದ. ನುರಿತ ಕೈಯಲ್ಲಿ, ತಕ್ಕ ರೋಗಿಗೆ, ಅದೂ ಒಳ್ಳೆಯ ಮಾರ್ಗವೇ ಎಂದರು.

"ನೀವು ಹಾಗೆ ಎಷ್ಟು ಮಾಡಿದ್ದೀರಿ?" ಇದು ಎರಡನೆಯ ಪ್ರಶ್ನೆ. ನಾನು ಬೆಚ್ಚಿದೆ. ವೈದ್ಯರು ಬೇಸರಿಸಲಿಲ್ಲ. "ಕತ್ತಿನ ಮೇಲಿಂದ ನೂರಾರು. ಬಾಯಿಯಿಂದ ಒಂಬತ್ತು," ಎಂದರು.

ಅಕ್ಕ ಕತ್ತಿನ ಸೀಳನ್ನೇ ಆರಿಸಿಕೊಂಡಳು. ಬಸ್ಸಿನಲ್ಲಿ ನನಗೆ ಹೇಳಿದಳು: "ಕಲೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬಹುದು ಕಣೋ. ಧ್ವನಿ ಹೋದರೆ ಯಾವುದರಲ್ಲಿ ಮುಚ್ಚಲಿ?"

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದುಕೊಳ್ಳಬೇಡಿ. ಚಿಕಿತ್ಸೆಯ ಮರುದಿನ ಅವಳ ಬಾಯಿಂದ ಹೊರಟುದು ಒಡಕು ಪಿಸುಮಾತು. ನರ ತುಂಡಾಗಿಲ್ಲ, ಎಳೆತಕ್ಕೆ ಸೋತಿದೆ, ಕಾಯಬೇಕು ಎಂದರು ವೈದ್ಯರು. ಹಳೆಯ ಬಾಗಿಲನ್ನು ಆರಿಸಿಕೊಂಡ ಮಾತ್ರಕ್ಕೆ ಅಪಾಯ ಹೊರಗೇ ನಿಲ್ಲಲಿಲ್ಲ. ಗಂಟು ಸಾಧುವೆಂದು ವರದಿ ಬಂದ ದಿನವೂ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗಲಿಲ್ಲ. ಅತ್ತೆ ಮಾತ್ರ ಪ್ರತಿ ಸಂಜೆ ಬಂದು, ಕಲೆಯ ಮಾತನ್ನೇ ಎತ್ತದೆ, ಬಿಸಿ ಗಂಜಿ ಕುಡಿಸಿ ಹೋಗುತ್ತಿದ್ದರು.

ಏಳನೆಯ ವಾರದಲ್ಲಿ ಅಕ್ಕ ಶಾಲೆಗೆ ಹೊರಟಳು. ಜೊತೆಗೆ ಹೋದ ನಾನು ಕಿಟಕಿಯ ಹೊರಗೆ ನಿಂತೆ. ಅವಳು ಹಾಜರಿ ಕರೆಯತೊಡಗಿದಳು. ಮೊದಲ ಹೆಸರುಗಳು ಕೇಳಿಸಲಿಲ್ಲ. ಮಕ್ಕಳು ತಾವಾಗಿಯೇ ಸದ್ದಡಗಿಸಿ ಮುಂದಕ್ಕೆ ಬಾಗಿದರು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಒಂದೊಂದು ಹೆಸರೂ ಕಿಟಕಿಯಾಚೆ ನಿಂತ ನನ್ನವರೆಗೆ ಬಂದು ಮುಟ್ಟುತ್ತಿತ್ತು.